ಸ್ತ್ರೀಯರ ಕಾಯಕವೂ ನಾಡಿನ ಸಂಪತ್ತೂ

ಸ್ತ್ರೀಯರು ದುಡಿಮೆಗೆ ಇಳಿದರೆ ದೇಶವು ಸಮೃದ್ಧವಾಗುತ್ತದೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಅರ್ಥಶಾಸ್ತ್ರಜ್ಞರು ಅದನ್ನು ಲೆಕ್ಕ ಹಾಕಿ ಹೇಳುತ್ತಾರೆ. ಮಂತ್ರಿಗಳು ಭಾಷಣಗಳಲ್ಲಿ ಹೇಳುತ್ತಾರೆ. ಶಾಲೆಯ ಮಕ್ಕಳು ಪ್ರಬಂಧಗಳಲ್ಲಿ ಬರೆಯುತ್ತಾರೆ. ಮಾತು ಸುಳ್ಳಲ್ಲ. ಆದರೆ ಕಲಬುರಗಿ ಸೀಮೆಯಲ್ಲಿ ನಿಂತು ಈ ಮಾತನ್ನು ಕೇಳಿದವರಿಗೆ ಒಂದು ಸಂದೇಹ ಏಳದೆ ಇರದು. ಈ ಸೀಮೆಯಲ್ಲಿ ಸ್ತ್ರೀಯರು ದುಡಿಯದೆ ಇದ್ದ ಕಾಲವಾದರೂ ಯಾವುದು? ಬಿತ್ತನೆಯಲ್ಲಿ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಕಾಳು ಬಿಟ್ಟವಳು ಹೆಣ್ಣುಮಗಳು. ತೊಗರಿಯ ಸಾಲುಗಳ ನಡುವೆ ಬಗ್ಗಿ ಕಳೆ ತೆಗೆದವಳು ಅವಳು. ಜೋಳದ ತೆನೆ ಮುರಿದು, ಕಣದಲ್ಲಿ ಕೇರಿ, ಹಸನು ಮಾಡಿ, ಮನೆಗೆ ತಂದು, ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮತ್ತೆ ಹೊಲಕ್ಕೆ ನಡೆದವಳೂ ಅವಳೇ. 2011ರ ಜನಗಣತಿಯಲ್ಲಿ ದುಡಿಯುವವರೆಂದು ದಾಖಲಾದ ಸ್ತ್ರೀಯರು ಇಡೀ ಭಾರತದಲ್ಲಿ ನೂರಕ್ಕೆ 25.5; ಕರ್ನಾಟಕದಲ್ಲಿ 31.9. ಕೇವಲ ದುಡಿಮೆಯಿಂದಲೇ ಸಮೃದ್ಧಿ ಬರುವಂತಿದ್ದರೆ ಕಲಬುರಗಿಯು ಎಂದೋ ಸಿರಿವಂತ ಜಿಲ್ಲೆಯಾಗಬೇಕಿತ್ತು. ಆದರೆ ತಲಾ ಆದಾಯದ ಪಟ್ಟಿಯಲ್ಲಿ ಅದು ರಾಜ್ಯದ ಕೊನೆಯ ಜಿಲ್ಲೆಗಳ ಸಾಲಿನಲ್ಲಿದೆ. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ವಿಭಾಗದವೇ ಆಗಿದ್ದವು.

ಹಾಗಾದರೆ ಸ್ತ್ರೀಸಮಾನತೆಗೂ ನಾಡಿನ ಸಂಪತ್ತಿಗೂ ಇರುವ ಸಂಬಂಧವು ದುಡಿಮೆಯಲ್ಲಿಲ್ಲ. ದುಡಿಮೆಯ ಫಲದ ಮೇಲೆ ದುಡಿದವಳಿಗೆ ಎಷ್ಟು ಅಧಿಕಾರವಿದೆಯೆಂಬುದರಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಕೆಲಸವು ಲೆಕ್ಕಕ್ಕೆ ಬರುತ್ತದೆಯೆ, ಕೂಲಿಯು ಯಾರ ಕೈಗೆ ಸೇರುತ್ತದೆ, ಭೂಮಿಯು ಯಾರ ಹೆಸರಿನಲ್ಲಿದೆ, ವಿದ್ಯೆಯು ಯಾರಿಗೆ ದೊರೆತಿದೆ ಎಂಬ ಪ್ರಶ್ನೆಗಳು ಇಲ್ಲಿ ಮುಖ್ಯವಾಗುತ್ತವೆ.

ಮೊದಲು ಲೆಕ್ಕದ ಮಾತು. ಒಂದು ರಾಷ್ಟ್ರದ ವರಮಾನವೆಂದರೆ ಆ ವರ್ಷದಲ್ಲಿ ಅಲ್ಲಿ ಉತ್ಪನ್ನವಾದ ಸರಕು ಮತ್ತು ಸೇವೆಗಳ ಮೌಲ್ಯದ ಮೊತ್ತ. ಇದನ್ನು ಎಣಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಪದ್ಧತಿಯೊಂದುಂಟು. ಬಹುತೇಕ ರಾಷ್ಟ್ರಗಳು ಅದನ್ನೇ ಅನುಸರಿಸುತ್ತವೆ. ಅದರ ಪ್ರಕಾರ ರೈತನು ಮಾರದೆ ಮನೆಯ ಊಟಕ್ಕೆಂದು ಉಳಿಸಿಕೊಂಡ ಜೋಳವೂ ರಾಷ್ಟ್ರದ ವರಮಾನದಲ್ಲಿ ಸೇರುತ್ತದೆ. ಆದರೆ ಅದೇ ಜೋಳದ ಹಿಟ್ಟಿಗೆ ಎಸರು ಹೊಯ್ದು, ನಾದಿ, ಬಡಿದು, ಹಂಚಿನ ಮೇಲೆ ಬೇಯಿಸಿ ಮನೆಯವರಿಗೆ ಬಡಿಸಿದ ಕೆಲಸವು ಸೇರುವುದಿಲ್ಲ. ಕಾಳು ಸಂಪತ್ತು, ರೊಟ್ಟಿ ಮಾಡಿದ ಶ್ರಮ ಸಂಪತ್ತಲ್ಲ! ಅದೇ ರೊಟ್ಟಿಯನ್ನು ಖಾನಾವಳಿಯಲ್ಲಿ ಹಣ ಕೊಟ್ಟು ಉಂಡರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ವಿಪರ್ಯಾಸವನ್ನು ಎತ್ತಿ ತೋರಿಸಿದ್ದಾನೆ. ಗೃಹಸ್ಥನೊಬ್ಬನು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನೆವಾರ್ತೆಯವಳನ್ನೇ ಮದುವೆಯಾದನೆಂದು ಇಟ್ಟುಕೊಳ್ಳೋಣ. ಆಕೆ ಹಿಂದಿನಂತೆಯೇ ಎಲ್ಲ ಕೆಲಸವನ್ನೂ ಮಾಡುತ್ತಿದ್ದರೂ, ಸಂಬಳ ನಿಂತುಹೋದ ಕಾರಣ ರಾಷ್ಟ್ರದ ವರಮಾನ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂದೇ ಲೆಕ್ಕ.

ಹೀಗೆ ಲೆಕ್ಕದಿಂದ ಹೊರಗುಳಿಯುವ ಕೆಲಸವು ಅಲ್ಪಪ್ರಮಾಣದ್ದೇನೂ ಅಲ್ಲ. ಭಾರತ ಸರ್ಕಾರವು 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನವೊಂದಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾರೆಂದು ಕಂಡುಬಂದಿತು. ಅಂಥ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷಗಳನ್ನು. 2019ರಲ್ಲಿ ಈ ಸಂಖ್ಯೆಗಳು 299 ಮತ್ತು 97 ಆಗಿದ್ದವು. ಐದು ವರ್ಷಗಳಲ್ಲಿ ಸ್ತ್ರೀಯರ ಹೊರೆ ಹತ್ತು ನಿಮಿಷ ಇಳಿದರೆ ಪುರುಷರ ಪಾಲೂ ಒಂಬತ್ತು ನಿಮಿಷ ಇಳಿದಿದೆ. ಒಬ್ಬರು ಕೆಳಗಿಟ್ಟ ಭಾರವನ್ನು ಇನ್ನೊಬ್ಬರು ಹೊತ್ತಂತೆ ಕಾಣುವುದಿಲ್ಲ.

ಲೆಕ್ಕಕ್ಕೆ ಬಾರದಿದ್ದ ಕೆಲಸವು ಲೆಕ್ಕಕ್ಕೆ ಬಂದುದಕ್ಕೆ ಕಲಬುರಗಿಯಲ್ಲಿಯೇ ಒಂದು ನಿದರ್ಶನವಿದೆ. ಜೋಳದ ರೊಟ್ಟಿಯನ್ನು ಮಾಡಿ ಮಾರುವುದು ಈ ನಗರಕ್ಕೆ ಹೊಸದಲ್ಲ. ಮನೆಗಳಲ್ಲಿ ಕಟಿರೊಟ್ಟಿ ಮಾಡಿ ಕಟ್ಟುಕಟ್ಟಾಗಿ ಮಾರುವ ಹೆಣ್ಣುಮಕ್ಕಳು, ಅದರಿಂದಲೇ ಮಕ್ಕಳನ್ನು ಓದಿಸಿದ ವಿಧವೆಯರು, ಈ ಭಾಗದ ಯಾವ ಊರಿನಲ್ಲಾದರೂ ಸಿಗುತ್ತಾರೆ. ಆದರೆ ಅದು ಹೊಟ್ಟೆಪಾಡಾಗಿತ್ತೇ ಹೊರತು ಉದ್ಯಮವೆನಿಸಿರಲಿಲ್ಲ. ಈಚಿನ ವರ್ಷಗಳಲ್ಲಿ ಜಿಲ್ಲಾಡಳಿತದ ಪ್ರೋತ್ಸಾಹದಿಂದ ಸ್ತ್ರೀಯರ ಸ್ವಸಹಾಯ ಸಂಘಗಳು ಸಹಕಾರದ ನೆಲೆಯಲ್ಲಿ ಒಂದುಗೂಡಿ, ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತೊಡಗಿದವು. ಪ್ರಧಾನಿ ನರೇಂದ್ರ ಮೋದಿಯವರು 2025ರ ಜೂನ್ 29ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಈ ಸಹಕಾರಿಯನ್ನು ಪ್ರಸ್ತಾಪಿಸಿ, ದಿನವೊಂದಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿಗಳು ತಯಾರಾಗುತ್ತಿವೆಯೆಂದು ಹೇಳಿದರು. ಬೆಂಗಳೂರಿನಲ್ಲಿಯೂ ಅದರ ಮಾರಾಟಕ್ಕೆ ಏರ್ಪಾಡಾಯಿತು.

ಇಲ್ಲಿ ಹೊಸದಾದದ್ದು ಏನು? ರೊಟ್ಟಿ ಹೊಸದಲ್ಲ, ಬಡಿಯುವ ಕೈಗಳು ಹೊಸವಲ್ಲ, ಆ ಕೈಗಳ ನೈಪುಣ್ಯವಂತೂ ತಲೆಮಾರುಗಳಷ್ಟು ಹಳೆಯದು. ಕೆಲಸಕ್ಕೊಂದು ದರ ನಿಗದಿಯಾಯಿತು, ಸರಕಿಗೊಂದು ಹೆಸರು ಬಂದಿತು, ಹಣವು ಸಂಘದ ಮೂಲಕ ಮಾಡಿದವಳಿಗೆ ಸೇರುವ ದಾರಿಯಾಯಿತು, ಹೊಸದೆಂದರೆ ಇಷ್ಟೇ. ಇದರಿಂದ ಜಿಲ್ಲೆಯ ವರಮಾನಕ್ಕೆ ಸೇರುವ ಮೊತ್ತವು ಸಾಗರದಲ್ಲಿ ಹನಿಯಷ್ಟಿರಬಹುದು. ಆದರೆ ಯಾವ ವಿಧಾನದಿಂದ ಸೇರಿತೆಂಬುದು ವಿಚಾರಯೋಗ್ಯವಾಗಿದೆ. ಇನ್ನೊಂದು ಅಂಶವನ್ನೂ ಮರೆಯಲಾಗದು. ಮಾರುವ ರೊಟ್ಟಿ ಮುಗಿದ ಮೇಲೆ ಮನೆಯ ರೊಟ್ಟಿಯನ್ನು ಬಡಿಯುವವರು ಯಾರು? ಅದೂ ಅವಳ ಪಾಲಿಗೇ ಬಂದರೆ, ಅವಳ ಆದಾಯದೊಡನೆ ಆಯಾಸವೂ ಇಮ್ಮಡಿಸಿದಂತಾಯಿತು.

ವಚನಸಾಹಿತ್ಯದ ಅಭ್ಯಾಸಿಗಳಿಗೆ ಈ ವಿಚಾರವು ಅಪರಿಚಿತವಾಗಿ ತೋರದು. ಕಲಬುರಗಿಗೆ ನೆರೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನೆರೆದ ಶರಣೆಯರಲ್ಲಿ ವಚನಗಳನ್ನು ರಚಿಸಿದವರೇ ಮೂವತ್ತಕ್ಕೂ ಹೆಚ್ಚು. ಅವರಲ್ಲಿ ಅನೇಕರ ಹೆಸರಿಗೆ ಅವರ ಕೆಲಸವೇ ವಿಶೇಷಣವಾಗಿ ಅಂಟಿಕೊಂಡಿದೆ: ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಚೆಲ್ಲಿದ ಅಕ್ಕಿಯನ್ನು ಆಯುವ ಆಯ್ದಕ್ಕಿ ಲಕ್ಕಮ್ಮ. ನೂಲುವುದು, ಕುಟ್ಟುವುದು, ಆಯುವುದು, ಅಂಗಳ ಗುಡಿಸುವುದು ಇವೆಲ್ಲವೂ ಆ ಕಾಲದಲ್ಲಿ, ಈ ಕಾಲದಲ್ಲಿಯೂ, ‘ಹೆಂಗಸರ ಕೆಲಸ’ವೆಂದು ಬದಿಗೆ ಸರಿಸಲ್ಪಟ್ಟವುಗಳೇ. ಶರಣರು ಅವುಗಳನ್ನು ಕಾಯಕವೆಂದು ಕರೆದುದು ಬರಿಯ ಗೌರವಸೂಚಕವಲ್ಲ. ಕಾಯಕವೆಂದ ಮೇಲೆ ಅದನ್ನು ಮಾಡಿದವರಿಗೆ ಅದರ ಫಲದ ಬಗ್ಗೆ ಮಾತನಾಡುವ ಅಧಿಕಾರವೂ ಬರುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಎಲ್ಲರಿಗೂ ತಿಳಿದುದು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಮಿಕ್ಕುದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದಳು. ಈ ಪ್ರಸಂಗವನ್ನು ನಿಸ್ಪೃಹತೆಗೆ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಇದರೊಳಗಿರುವ ಇನ್ನೊಂದು ಸಂಗತಿಗೆ ವ್ಯಾಖ್ಯಾನಕಾರರು ಅಷ್ಟಾಗಿ ಲಕ್ಷ್ಯ ಕೊಟ್ಟಿಲ್ಲ. ಮನೆಗೆ ಎಷ್ಟು ಬರಬೇಕು, ಬಂದುದು ಹೇಗೆ ವಿನಿಯೋಗವಾಗಬೇಕೆಂಬ ನಿರ್ಣಯವು ಅಲ್ಲಿ ಹೆಂಡತಿಯದು. ಗಂಡನು ಅದನ್ನು ಒಪ್ಪಿ ನಡೆದನು. ಹಾಗೆಯೇ ಶರಣೆಯರು ತಮ್ಮ ವಚನಗಳಿಗೆ ತಮ್ಮದೇ ಅಂಕಿತಗಳನ್ನು ಇಟ್ಟರು. ಸತ್ಯಕ್ಕನದು ಶಂಭುಜಕ್ಕೇಶ್ವರ, ರೆಮ್ಮವ್ವೆಯದು ಗುಮ್ಮೇಶ್ವರ. ಪತಿಯ ಇಷ್ಟದೈವವನ್ನೇ ಅಂಕಿತದಲ್ಲಿ ಇರಿಸಿಕೊಂಡ ಲಕ್ಕಮ್ಮನೂ ಅದಕ್ಕೆ ‘ಮಾರಯ್ಯಪ್ರಿಯ’ವೆಂದು ಸೇರಿಸಿ ತನ್ನ ವಚನವು ತನ್ನದೇ ಎಂಬುದನ್ನು ಸ್ಪಷ್ಟಪಡಿಸಿದಳು. ರಚಿಸಿದವಳ ಗುರುತು ರಚನೆಯಲ್ಲಿ ಉಳಿಯಿತು. ಅವರನ್ನು ಜಯಂತಿಗಳಲ್ಲಿ ಸ್ತುತಿಸುವವರು ಈ ಗುರುತಿನ ವಿಷಯವನ್ನು ತಮ್ಮ ಮನೆಯ ಹೊಲಗದ್ದೆಗಳಿಗೆ ಅನ್ವಯಿಸಿ ನೋಡುವುದು ಅಪರೂಪ.

ಅನ್ವಯಿಸಿ ನೋಡಲು ಕಮಲಾಪುರಕ್ಕಿಂತ ತಕ್ಕ ಸ್ಥಳವಿಲ್ಲ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ, ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಈ ಊರು ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಇಲ್ಲಿಯ ಕೆಂಪು ಬಾಳೆಹಣ್ಣು ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದಿದೆ. ಕಲಬುರಗಿಯ ತೊಗರಿಬೇಳೆಗೆ ಅಂಥದೇ ಮನ್ನಣೆ 2019ರಲ್ಲಿ ದೊರೆಯಿತು. ಕೆಂಪು ಬಾಳೆಯು ಫಲ ಕೊಡಲು ಸಾಧಾರಣ ಬಾಳೆಗಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಒಂದೂವರೆ ವರ್ಷ, ಹಿಡಿಯುತ್ತದೆ. ನೀರು, ಗೊಬ್ಬರ, ನಿಗಾ ಎಲ್ಲವೂ ಅಧಿಕವಾಗಿ ಬೇಕು. ಆದುದರಿಂದಲೇ ಹಣ್ಣಿಗೆ ಬೆಲೆಯೂ ಅಧಿಕ. ಇಂಥ ಬೆಳೆಗೆ ಬಂಡವಾಳ ಬೇಕಾಗುತ್ತದೆ. ಬಂಡವಾಳವೆಂದರೆ ಸಾಲ, ಸಾಲವೆಂದರೆ ಪಹಣಿ.

ಪಹಣಿಪತ್ರಿಕೆಯನ್ನು ನೋಡಬಲ್ಲವರಿಗೆ ತಿಳಿದಿರುವಂತೆ ಅದರ 9ನೆಯ ಕಲಮಿನಲ್ಲಿ ಖಾತೆದಾರನ ಹೆಸರಿರುತ್ತದೆ, 12ನೆಯ ಕಲಮಿನಲ್ಲಿ ಸಾಗುವಳಿಯ ಮತ್ತು ಬೆಳೆಯ ವಿವರವಿರುತ್ತದೆ. ಬ್ಯಾಂಕಿನ ಬೆಳೆಸಾಲ, ಬೆಳೆವಿಮೆ, ರಿಯಾಯಿತಿಯ ಬೀಜ, ಬರಗಾಲದ ಪರಿಹಾರ ಎಲ್ಲದಕ್ಕೂ ಈ ಕಾಗದವೇ ಆಧಾರ. ಕಳೆ ತೆಗೆದವಳು, ಕಾಳು ಬಿಟ್ಟವಳು, ಗೊನೆ ಹೊತ್ತವಳು ಇದರಲ್ಲಿ ಇರುವುದು ವಿರಳ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಸ್ತ್ರೀಯರ ಕೈಯಲ್ಲಿದ್ದವು ನೂರಕ್ಕೆ ಸುಮಾರು 14; ವಿಸ್ತೀರ್ಣದ ಲೆಕ್ಕದಲ್ಲಿ 12ಕ್ಕೂ ತುಸು ಕಡಿಮೆ. ಉಳಿದ ಹೆಣ್ಣುಮಕ್ಕಳು ಕಾಗದದ ದೃಷ್ಟಿಯಲ್ಲಿ ರೈತರಲ್ಲ. ರೈತನ ಹೆಂಡತಿ, ರೈತನ ತಾಯಿ, ಇಲ್ಲವೆ ಹೆಣ್ಣಾಳು. ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಅದಕ್ಕಿಂತ ಹೆಚ್ಚಿನ ದರವೆಂಬ ರೂಢಿಯಾದರೋ 1976ರ ಸಮಾನ ವೇತನದ ಕಾಯ್ದೆಯಿಂದಲೂ ಅಳಿಯಲಿಲ್ಲ. ಉದ್ಯೋಗ ಖಾತರಿಯ 2005ರ ಕಾಯ್ದೆಯಡಿ ನಡೆದ ಕೆಲಸಗಳಲ್ಲಿ ಇಬ್ಬರಿಗೂ ಒಂದೇ ಕೂಲಿ ಸಂದುದು ಅನೇಕ ಹಳ್ಳಿಗಳ ಸ್ತ್ರೀಯರಿಗೆ ಹೊಸ ಅನುಭವವೇ ಆಗಿತ್ತು.

ಇದರಿಂದ ನಷ್ಟ ಯಾರಿಗೆ? ಅವಳಿಗೆ ಮಾತ್ರವೆಂದು ತಿಳಿಯುವುದು ತಪ್ಪು. ದುಡಿಯುವವಳಿಗೆ ಸಾಲವಿಲ್ಲ, ಒಳ್ಳೆಯ ಬೀಜವಿಲ್ಲ, ಕೃಷಿ ಇಲಾಖೆಯ ತಿಳಿವಳಿಕೆಯ ಸಭೆಗೆ ಕರೆಯಿಲ್ಲವೆಂದಾದರೆ ಹೊಲದ ಇಳುವರಿಯೇ ಕುಗ್ಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2011ರಲ್ಲಿ ಇದನ್ನು ಅಂದಾಜು ಮಾಡಿತು. ಪುರುಷರಿಗೆ ದೊರೆಯುವ ಸಾಧನಗಳೆಲ್ಲ ಕೃಷಿಕ ಸ್ತ್ರೀಯರಿಗೂ ದೊರೆತರೆ ಅವರ ಹೊಲಗಳ ಇಳುವರಿಯು ನೂರಕ್ಕೆ 20ರಿಂದ 30ರಷ್ಟು ಹೆಚ್ಚಬಹುದೆಂದೂ, ಅಭಿವೃದ್ಧಿಶೀಲ ದೇಶಗಳ ಒಟ್ಟು ಕೃಷಿ ಉತ್ಪನ್ನವು ನೂರಕ್ಕೆ 2.5ರಿಂದ 4ರಷ್ಟು ಏರಬಹುದೆಂದೂ ಅದು ಹೇಳಿತು. ಸಮಾನತೆಯು ಸಂಪತ್ತಾಗಿ ಪರಿಣಮಿಸುವ ಮಾರ್ಗಗಳಲ್ಲಿ ಕಮಲಾಪುರದಂಥ ಊರಿಗೆ ಅತ್ಯಂತ ಸಮೀಪದ್ದು ಇದು.

ಕಾನೂನಿನ ದೃಷ್ಟಿಯಿಂದ ಕರ್ನಾಟಕವು ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮಾಡಿದ ತಿದ್ದುಪಡಿಯ ಮೂಲಕ 1994ರ ಜುಲೈ 30ರಿಂದ, ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗನಂತೆಯೇ ಮಗಳೂ ಹುಟ್ಟಿನಿಂದ ಹಕ್ಕುದಾರಳೆಂದು ರಾಜ್ಯವು ವಿಧಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಇಡೀ ದೇಶಕ್ಕೆ ಅನ್ವಯವಾಗುವಂತೆ ಕೇಂದ್ರವು ಇದನ್ನು ಮಾಡಿದುದು 2005ರ ಸೆಪ್ಟೆಂಬರ್ 9ರಂದು. ಆ ದಿನ ತಂದೆ ಜೀವಂತನಿರಬೇಕೆ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಇತ್ಯರ್ಥಪಡಿಸಿ, ಹಕ್ಕು ಹುಟ್ಟಿನಿಂದಲೇ ಬರುವುದರಿಂದ ಅದು ಅಗತ್ಯವಿಲ್ಲವೆಂದಿತು. ಕರ್ನಾಟಕ ಮತ್ತು ಮಹಾರಾಷ್ಟ್ರಗಳು ಮುಂಚಿತವಾಗಿ ಮಾಡಿದ ತಿದ್ದುಪಡಿಗಳ ಪರಿಣಾಮವನ್ನು ಡೈನಿಂಗರ್, ಗೋಯಲ್, ನಾಗರಾಜನ್ ಎಂಬ ವಿದ್ವಾಂಸರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಹೆಣ್ಣುಮಕ್ಕಳಿಗೆ ಭೂಮಿ ದೊರೆಯುವ ಸಂಭವವು ನಿಶ್ಚಿತವಾಗಿ ಹೆಚ್ಚಿತಾದರೂ ಗಂಡುಮಕ್ಕಳ ಸಮಕ್ಕೆ ಬರಲಿಲ್ಲವೆಂದು ಅವರು ಕಂಡುಕೊಂಡರು. ಜೊತೆಗೆ ಹೆಣ್ಣುಮಕ್ಕಳ ಶಿಕ್ಷಣವೂ ಏರಿತು. ಭೂಮಿಯನ್ನು ಕೊಡಲು ಮನಸ್ಸಿಲ್ಲದ ತಂದೆಯೂ ಅದರ ಬದಲಿಗೆ ಮಗಳನ್ನು ಓದಿಸಿರಬಹುದು.

ಸಮಕ್ಕೆ ಏಕೆ ಬರಲಿಲ್ಲವೆಂಬುದು ಈ ಸೀಮೆಯವರಿಗೆ ಬೇರೆ ಹೇಳಬೇಕಾದುದಿಲ್ಲ. ಪಾಲಾಗುವ ಹೊತ್ತಿಗೆ ಹೆಣ್ಣುಮಕ್ಕಳನ್ನು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸುವುದು ಈಗಲೂ ನಡೆದಿದೆ. ಅವಳು ಅರಿಯದೆ ಹಾಕುವುದಿಲ್ಲ. ಪಂಚಮಿಗೆ ಕರೆಯುವ ತವರು, ಗಂಡನ ಮನೆಯಲ್ಲಿ ಕಷ್ಟವಾದರೆ ಬಂದು ನಿಲ್ಲಬಲ್ಲ ತವರು, ಎರಡು ಎಕರೆಯ ಸಲುವಾಗಿ ಮುಚ್ಚಿಹೋಗಬಾರದೆಂಬುದೇ ಅವಳ ಲೆಕ್ಕ. ಆ ಲೆಕ್ಕವನ್ನು ಅವಿವೇಕವೆನ್ನಲಾಗದು. ಆದರೆ ತವರಿನ ಪ್ರೀತಿಗೆ ಬೆಲೆ ಕಟ್ಟಿ ಅದನ್ನು ಮಗಳಿಂದಲೇ ವಸೂಲು ಮಾಡುವ ಅಣ್ಣತಮ್ಮಂದಿರನ್ನು ಏನೆನ್ನಬೇಕು? ಸ್ತ್ರೀಪುರುಷರಲ್ಲಿ ಭೇದವೆಣಿಸದ ಶರಣಧರ್ಮದ ಮಾತುಗಳನ್ನು ಬಾಯಿಪಾಠ ಮಾಡಿದ ಮನೆಗಳಲ್ಲಿಯೂ ಈ ವಸೂಲಿಯು ನಿಂತಿಲ್ಲ.

ವಿದ್ಯೆಯ ವಿಷಯಕ್ಕೆ ಬಂದರೆ, ಈ ಭಾಗವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಕನ್ನಡ ಶಾಲೆಗಳೇ ವಿರಳವಾಗಿದ್ದ ಆ ಕಾಲದಲ್ಲಿ, 1930ರ ದಶಕದಲ್ಲಿ, ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಅಕ್ಕಮಹಾದೇವಿಯ ಹೆಸರಿನಲ್ಲಿ ಶಾಲೆಯನ್ನು ತೆರೆದರು. ದಾಸೋಹಕ್ಕೆ ಪ್ರಸಿದ್ಧವಾದ ಆ ಸಂಸ್ಥಾನವು ಬೆಳೆಸಿದ ವಿದ್ಯಾಸಂಸ್ಥೆಗಳು 2017ರಲ್ಲಿ ವಿಶ್ವವಿದ್ಯಾಲಯದ ರೂಪವನ್ನು ತಳೆದು, ಸ್ತ್ರೀಯರಿಗೆಂದೇ ಮೀಸಲಾದ ಇಂಜಿನಿಯರಿಂಗ್ ವಿಭಾಗವನ್ನೂ ಒಳಗೊಂಡಿವೆ. ಇಷ್ಟಾದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಪುರುಷರಲ್ಲಿ ನೂರಕ್ಕೆ ಸುಮಾರು 74, ಸ್ತ್ರೀಯರಲ್ಲಿ ಸುಮಾರು 55. ರಾಜ್ಯದ ಸ್ತ್ರೀಸಾಕ್ಷರತೆ ಆಗ 68 ಆಗಿತ್ತು. ಹೊಲದ ದುಡಿಮೆಯಲ್ಲಿ ಹಿಂದೆ ಬೀಳದ ಹೆಣ್ಣುಮಕ್ಕಳು ಅಕ್ಷರದಲ್ಲಿ ಪುರುಷರಿಗಿಂತ ಇಷ್ಟು ಹಿಂದುಳಿದರು.

ಅಕ್ಷರ ಬಂದ ಕೂಡಲೆ ಸಮಸ್ಯೆ ತೀರುವುದೂ ಇಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಪಡೆದ ಅಮೆರಿಕದ ಕ್ಲಾಡಿಯಾ ಗೋಲ್ಡಿನ್, ತಮ್ಮ ದೇಶದ ಇನ್ನೂರು ವರ್ಷಗಳ ದಾಖಲೆಗಳನ್ನು ಶೋಧಿಸಿ ಒಂದು ವಿಚಿತ್ರವನ್ನು ತೋರಿಸಿದರು. ಕೃಷಿಪ್ರಧಾನ ಸಮಾಜದಲ್ಲಿ ಸ್ತ್ರೀಯರು ಹೆಚ್ಚಾಗಿ ದುಡಿಯುತ್ತಾರೆ. ಕಾರ್ಖಾನೆಗಳು ಬಂದಾಗ ಅವರ ಭಾಗವಹಿಕೆ ಇಳಿಯುತ್ತದೆ. ವಿದ್ಯೆಯೂ ಕಚೇರಿ ಮೊದಲಾದ ಸೇವಾಕಾರ್ಯಗಳೂ ಬೆಳೆದ ಮೇಲೆ ಮತ್ತೆ ಏರುತ್ತದೆ. ದೇಶದ ಐಶ್ವರ್ಯವು ಏರುತ್ತಿದ್ದರೂ ಸ್ತ್ರೀಯರ ದುಡಿಮೆಯು ನೇರವಾಗಿ ಏರದೆ ತೊಟ್ಟಿಲಿನಂತೆ ನಡುವೆ ತಗ್ಗುತ್ತದೆ. ಕಮಲಾಪುರದ ಪದವೀಧರೆಯು ಇಂದು ಈ ತಗ್ಗಿನಲ್ಲಿಯೇ ಇದ್ದಾಳೆ. ಓದಿದವಳೆಂದು ಅವಳನ್ನು ಕಳೆ ತೆಗೆಯಲು ಕಳುಹಿಸುವುದಿಲ್ಲ. ಓದಿಗೆ ತಕ್ಕ ಕೆಲಸವು ಊರಿನಲ್ಲಿಲ್ಲ. ಕಲಬುರಗಿಗೆ ನಿತ್ಯ ಹೋಗಿಬರಲು ಮನೆಯವರ ಸಮ್ಮತಿಯಿಲ್ಲ. ಇತ್ತ ಹೊಲದಲ್ಲಿಯೂ ಟ್ರ್ಯಾಕ್ಟರಿನ ಬಿತ್ತುವ ಯಂತ್ರವು ಬಂದು, ಉಡಿಯಿಂದ ಕಾಳು ಬಿಡುವವಳ ಕೆಲಸ ಹೋಯಿತು. ಉಳುಮೆಯ ಯಂತ್ರಗಳು ಹೆಚ್ಚಿದಂತೆ ಪುರುಷರಿಗಿಂತ ಸ್ತ್ರೀಯರೇ ಹೆಚ್ಚು ಕೆಲಸವನ್ನು ಕಳೆದುಕೊಂಡರೆಂದೂ, ಕಳೆ ತೆಗೆಯುವ ಕೆಲಸ ಕಡಿಮೆಯಾದುದು ಅದಕ್ಕೆ ಕಾರಣವೆಂದೂ ಫರ್ಜಾನಾ ಅಫ್ರಿದಿ ಮೊದಲಾದವರು ಭಾರತದ ಅಂಕಿಗಳಿಂದಲೇ ತೋರಿಸಿದ್ದಾರೆ.

ದೇಶದ ದುಡಿಮೆಯ ಸಮೀಕ್ಷೆಯಲ್ಲಿ, ಹದಿನೈದು ವರ್ಷ ಮೀರಿದ ಸ್ತ್ರೀಯರಲ್ಲಿ ದುಡಿಯುವವರೂ ಕೆಲಸ ಅರಸುವವರೂ ಸೇರಿ 2017–18ರಲ್ಲಿ ನೂರಕ್ಕೆ 23.3 ಇದ್ದವರು 2023–24ರಲ್ಲಿ 41.7 ಆದರು. ಸಂತೋಷಪಡುವುದಕ್ಕೆ ಮೊದಲು ಒಂದನ್ನು ವಿಚಾರಿಸಬೇಕು. ಈ ಏರಿಕೆ ಬಹುಮಟ್ಟಿಗೆ ಹಳ್ಳಿಗಳದು. ಅದರಲ್ಲಿ ಸ್ವಂತ ಉದ್ಯೋಗದವರೇ ಅಧಿಕ. ಮನೆಯ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಸಂಬಳವಿಲ್ಲದೆ ನೆರವಾಗುವವರೂ ಅದರಲ್ಲಿ ಸೇರುತ್ತಾರೆ. ಲೆಕ್ಕಕ್ಕೆ ಬಂದುದು ಒಳ್ಳೆಯದೇ. ಆದರೆ ಕೈಗೆ ಹಣ ಬಾರದ ದುಡಿಮೆಯು ಲೆಕ್ಕದಲ್ಲಿ ಕಂಡ ಮಾತ್ರಕ್ಕೆ ಸಮೃದ್ಧಿಯಾಗದು.

ಇದಕ್ಕೆ ಪ್ರತಿಯಾಗಿ, ಮೊದಲು ನಾಡು ಸಿರಿವಂತವಾಗಲಿ, ಸಮಾನತೆ ತಾನಾಗಿ ಹಿಂಬಾಲಿಸುತ್ತದೆ ಎನ್ನುವವರೂ ಇದ್ದಾರೆ. ಪಂಜಾಬ ಮತ್ತು ಹರಿಯಾಣಗಳು ಈ ವಾದಕ್ಕೆ ಉತ್ತರ ಕೊಡುತ್ತವೆ. ಹಸಿರುಕ್ರಾಂತಿಯಿಂದ ಸಮೃದ್ಧವಾದ ಆ ರಾಜ್ಯಗಳಲ್ಲಿ 2011ರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು ಅನುಕ್ರಮವಾಗಿ 846 ಮತ್ತು 834, ಕರ್ನಾಟಕದಲ್ಲಿ 948. ಹಣ ಬಂದುದರಿಂದ ಮಗಳು ಬೇಕಾದವಳಾಗಲಿಲ್ಲ. 2019ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದವರಲ್ಲೊಬ್ಬರಾದ ಎಸ್ತರ್ ಡುಫ್ಲೊ, 2012ರ ತಮ್ಮ ಪ್ರೌಢ ಲೇಖನದಲ್ಲಿ ಎರಡೂ ಕಡೆಯ ಸಾಕ್ಷ್ಯಗಳನ್ನು ತೂಗಿ, ಅಭಿವೃದ್ಧಿಯಿಂದ ಸಮಾನತೆಗೂ ಸಮಾನತೆಯಿಂದ ಅಭಿವೃದ್ಧಿಗೂ ಸಂಬಂಧವಿರುವುದು ನಿಜವಾದರೂ, ಒಂದನ್ನು ತಳ್ಳಿದರೆ ಇನ್ನೊಂದು ತಾನೇ ಉರುಳಿಬರುವಷ್ಟು ಅದು ಬಲವಾದುದಲ್ಲವೆಂದು ನಿರ್ಣಯಿಸಿದರು. ಸಮಾನತೆಯನ್ನು ಅದರ ಸಲುವಾಗಿಯೇ ಬಯಸಿ, ದೀರ್ಘಕಾಲ ಅದಕ್ಕಾಗಿ ಯತ್ನಿಸಬೇಕಾಗುತ್ತದೆ. ಲಾಭ ಬಂದರೆ ಮಾತ್ರ ಹೆಣ್ಣಿಗೆ ಸಮಪಾಲು ಎನ್ನುವುದು ವ್ಯಾಪಾರವಾದೀತು. ಕಲ್ಯಾಣದ ಶರಣರು ಹಾಗೆ ಎಣಿಸಲಿಲ್ಲ.

ಹಣವು ಹೆಣ್ಣಿನ ಕೈಗೆ ಬಂದರೆ ಅದರ ವಿನಿಯೋಗ ಬದಲಾಗುವುದಕ್ಕೆ ಆಧಾರವಿದೆ. ದಕ್ಷಿಣ ಆಫ್ರಿಕದಲ್ಲಿ ವೃದ್ಧಾಪ್ಯವೇತನವು ಅಜ್ಜಿಗೆ ಬಂದ ಮನೆಗಳಲ್ಲಿ ಮೊಮ್ಮಗಳ ಎತ್ತರ, ತೂಕಗಳು ಉತ್ತಮಗೊಂಡವು; ಅಜ್ಜನಿಗೆ ಬಂದ ಮನೆಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಕರ್ನಾಟಕ ಸರ್ಕಾರವು 2023ರ ಆಗಸ್ಟ್ 30ರಂದು ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2000 ರೂಪಾಯಿಯು ಮನೆಯ ಯಜಮಾನಿಯ ಖಾತೆಗೇ ಸೇರುವಂತೆ ಮಾಡಿದುದರ ಹಿಂದೆ ಈ ತರ್ಕವನ್ನು ಕಾಣಬಹುದು. ಅದಕ್ಕೂ ಮುಂಚೆ ಅದೇ ವರ್ಷದ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸ್ತ್ರೀಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣಿಸುವ ಅನುಕೂಲ ದೊರೆಯಿತು. ಕಮಲಾಪುರದ ಹುಡುಗಿಗೆ ಇದರ ಅರ್ಥ ಸ್ಪಷ್ಟ. ಕಲಬುರಗಿಯ ಕಾಲೇಜಿಗೆ ಮಗಳನ್ನು ಕಳುಹಿಸದಿರಲು ಮನೆಯವರು ಕೊಡುತ್ತಿದ್ದ ಕಾರಣಗಳಲ್ಲಿ ಒಂದು ಇಲ್ಲವಾಯಿತು. ಸಂಜೆಯ ಬಸ್ಸು ತಡವಾಯಿತೆಂಬ ಕಾರಣವು ಇನ್ನೂ ಉಳಿದಿದೆ.

ಈ ಪ್ರಶ್ನೆಗಳಿಗೆಲ್ಲ ಇನ್ನು ಮುಂದೆ ಕಲಬುರಗಿಯಲ್ಲಿ ಹೆಚ್ಚಿನ ಮಹತ್ತ್ವ ಬರಲಿದೆ. ಕೇಂದ್ರ ಸರ್ಕಾರವು 2023ರ ಮಾರ್ಚಿ ತಿಂಗಳಲ್ಲಿ ಬೃಹತ್ ಜವಳಿ ಉದ್ಯಾನಗಳಿಗಾಗಿ ದೇಶದಲ್ಲಿ ಆರಿಸಿದ ಏಳು ಸ್ಥಳಗಳಲ್ಲಿ ಕಲಬುರಗಿಯೂ ಒಂದು. ಸಿದ್ಧ ಉಡುಪಿನ ಉದ್ಯಮವು ಎಲ್ಲಿ ಬೆಳೆದರೂ ಹೆಣ್ಣುಮಕ್ಕಳ ಕೈಗಳನ್ನೇ ಹೆಚ್ಚಾಗಿ ಬೇಡುತ್ತದೆ. ಬಾಂಗ್ಲಾದೇಶದಲ್ಲಿ ಇಂಥ ಕಾರ್ಖಾನೆಗಳ ಸಮೀಪದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದರೆಂದೂ, ಮದುವೆಯ ವಯಸ್ಸು ಮುಂದಕ್ಕೆ ಹೋಯಿತೆಂದೂ ಸಂಶೋಧಕರು ಕಂಡಿದ್ದಾರೆ. ಬೆಂಗಳೂರಿನ ಉದಾಹರಣೆಯೂ ಕಣ್ಣೆದುರಿಗಿದೆ. ಅಲ್ಲಿಯ ಉಡುಪು ಕಾರ್ಖಾನೆಗಳ ಸಹಸ್ರಾರು ಸ್ತ್ರೀಯರು 2016ರ ಏಪ್ರಿಲ್ 18 ಮತ್ತು 19ರಂದು ಬೀದಿಗಿಳಿದರು. ತಮ್ಮ ಭವಿಷ್ಯನಿಧಿಯ ಹಣವನ್ನು ಬೇಕಾದಾಗ ಪಡೆಯದಂತೆ ಕೇಂದ್ರವು ಹೊರಡಿಸಿದ್ದ ನಿಯಮವನ್ನು ವಿರೋಧಿಸಿ ನಡೆದ ಪ್ರತಿಭಟನೆಯದು. ಮಗಳ ಮದುವೆಗೆ, ಮಗನ ಓದಿಗೆ, ಕಾಯಿಲೆಗೆ ಒದಗುವ ಗಂಟು ಅದೊಂದೇ ಆಗಿದ್ದಿತು. ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರು ಕೂಲಿಯ ಹೆಚ್ಚಳವನ್ನು ಕೇಳಲು ಬಂದವರಲ್ಲ. ದುಡಿದು ಕೂಡಿಟ್ಟ ತಮ್ಮ ಹಣದ ಮೇಲೆ ತಮಗಿರಬೇಕಾದ ಅಧಿಕಾರವನ್ನು ಕೇಳಿದವರು.

ಕಲಬುರಗಿಯ ಉದ್ಯಾನದಲ್ಲಿ ಯಂತ್ರಗಳು ಚಾಲನೆಗೊಂಡಾಗ ಕಮಲಾಪುರ, ಆಳಂದ, ಚಿಂಚೋಳಿಗಳ ಹೆಣ್ಣುಮಕ್ಕಳು ಅಲ್ಲಿಗೆ ಬರಬೇಕಾದರೆ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಬೇಕು, ದೂರದವರಿಗೆ ವಸತಿಗೃಹ ಬೇಕು, ಎಳೆಯ ಮಕ್ಕಳಿಗೆ ಪಾಲನಾಗೃಹ ಬೇಕು, ಸಂಬಳವು ಅವರವರ ಹೆಸರಿನ ಖಾತೆಗೆ ಜಮೆಯಾಗಬೇಕು. ಕಾರ್ಖಾನೆಯ ನಕ್ಷೆಯನ್ನು ಬರೆಯುವಾಗಲೇ ಇವುಗಳಿಗೆ ಸ್ಥಳ ಬಿಡದಿದ್ದರೆ ಮುಂದೆ ಬಿಡುವುದು ಸಾಧ್ಯವಾಗುವುದಿಲ್ಲ. ನಗರದ ವಿದ್ಯಾಸಂಸ್ಥೆಗಳೂ ಮಠಗಳೂ ವಸತಿಗೃಹಗಳನ್ನು ನಡೆಸಿದ ಅನುಭವವುಳ್ಳವು. ಹೊರಗಿನಿಂದ ಓದಲು ಬಂದ ಗಂಡುಮಕ್ಕಳಿಗೆ ಅನ್ನ, ವಸತಿಗಳನ್ನು ಒದಗಿಸಿದ ಮಠಗಳ ಹೆಸರುಗಳು ಈ ನಾಡಿನಲ್ಲಿ ಮನೆಮಾತಾಗಿವೆ. ದುಡಿಯಲು ಬರುವ ಹೆಣ್ಣುಮಗಳಿಗೂ ಅಂಥದೊಂದು ಕೋಣೆಯನ್ನು ತೆರೆಯುವ ಕೆಲಸಕ್ಕೆ ಸರ್ಕಾರದ ಆದೇಶವನ್ನು ಕಾಯಬೇಕಾದುದಿಲ್ಲ.